ಮತವಿಲ್ಲದೆ ಬಂದ 550 ಶಾಸಕರು: ದಕ್ಷಿಣ ಸುಡಾನಿನ ಮಧ್ಯಂತರ ಶಾಸನಸಭೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ದಕ್ಷಿಣ ಸುಡಾನಿನ ರಾಜಧಾನಿ ಜುಬಾದಲ್ಲಿ ಕೂರುವ ಶಾಸನಸಭೆಯಲ್ಲಿ 550 ಸ್ಥಾನಗಳಿವೆ. ನೂರನಲವತ್ತು ಕೋಟಿ ಜನರನ್ನು ಪ್ರತಿನಿಧಿಸುವ ನಮ್ಮ ಲೋಕಸಭೆಯಲ್ಲಿರುವುದು 543. ದಕ್ಷಿಣ ಸುಡಾನಿನ ಒಟ್ಟು ಜನಸಂಖ್ಯೆಯೋ, ಹೆಚ್ಚುಕಡಿಮೆ ಬೆಂಗಳೂರಿನಷ್ಟು. ಈ ಅಂಕಿ ಮೊದಲ ಸಲ ಕಣ್ಣಿಗೆ ಬಿದ್ದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ತಪ್ಪಲ್ಲ. ಅದಕ್ಕಿಂತ ಯೋಚನೆಗೆ ಹಚ್ಚುವ ಸಂಗತಿ ಇನ್ನೊಂದಿದೆ. ಈ 550 ಮಂದಿಯಲ್ಲಿ ಯಾರನ್ನೂ ಜನ ಮತ ಹಾಕಿ ಈ ಸಭೆಗೆ ಕಳಿಸಿಲ್ಲ. ಪಕ್ಷಗಳು ಹೆಸರು ಕೊಟ್ಟವು, ಅಧ್ಯಕ್ಷರು ಆದೇಶ ಹೊರಡಿಸಿದರು, ಇವರು ಶಾಸಕರಾದರು.

ಆ ದೇಶದಲ್ಲಿ 2026ರ ಡಿಸೆಂಬರ್ 22ಕ್ಕೆ ಚುನಾವಣೆ ನಿಗದಿಯಾಗಿದೆ. ನಡೆದರೆ ಸ್ವತಂತ್ರ ದಕ್ಷಿಣ ಸುಡಾನಿನ ಮೊಟ್ಟಮೊದಲ ಚುನಾವಣೆ ಅದು. ಹೀಗಾಗಿ ಜುಬಾದ ಹೆಸರು ಆಗೊಮ್ಮೆ ಈಗೊಮ್ಮೆ ನಮ್ಮ ಪತ್ರಿಕೆಗಳ ವಿದೇಶ ಪುಟದಲ್ಲೂ ಇಣುಕುತ್ತಿದೆ. ಆದರೆ "ಮಧ್ಯಂತರ ಶಾಸನಸಭೆ" ಎಂಬ ಪದ ಗೊತ್ತಿಲ್ಲದೆ ಆ ಸುದ್ದಿಗಳ ತಲೆಬುಡ ಹತ್ತುವುದಿಲ್ಲ. ಆದ್ದರಿಂದ ಬುಡದಿಂದಲೇ ನೋಡೋಣ.

ಮಧ್ಯಂತರ ಶಾಸನಸಭೆ ಯಾಕೆ ಬೇಕಾಗುತ್ತದೆ?

ಒಂದು ಕೂಡುಕುಟುಂಬವನ್ನು ನೆನೆಯಿರಿ. ಅಣ್ಣತಮ್ಮಂದಿರು ಬಡಿದಾಡಿಕೊಂಡು ಠಾಣೆ ಮೆಟ್ಟಿಲು ಹತ್ತಿದ್ದಾರೆ. ಆಸ್ತಿ ಇನ್ನೂ ಪಾಲಾಗಿಲ್ಲ. ಪಾಲಾಗಬೇಕಾದರೆ ಅಳತೆ ಆಗಬೇಕು, ಕಾಗದಪತ್ರ ಹೊರಡಬೇಕು, ಊರು ಬಿಟ್ಟು ಹೋದ ತಮ್ಮ ಬರಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ. ಆದರೆ ಅಲ್ಲಿಯವರೆಗೆ ತೋಟಕ್ಕೆ ನೀರು ಬಿಡದೆ ಇರಲಾಗದು, ಆಳುಗಳಿಗೆ ಕೂಲಿ ಕೊಡದೆ ಇರಲಾಗದು. ಆಗ ಊರಿನ ಹಿರಿಯರು ಕೂತು ಒಂದು ಏರ್ಪಾಡು ಮಾಡುತ್ತಾರೆ: ಈ ಕಡೆಯಿಂದ ಇಬ್ಬರು, ಆ ಕಡೆಯಿಂದ ಇಬ್ಬರು, ಮಧ್ಯಸ್ಥರು ಒಬ್ಬರು. ಪಾಲಾಗುವ ತನಕ ಲೆಕ್ಕಪತ್ರ ಇವರೇ ನೋಡಿಕೊಳ್ಳಲಿ.

ಅಂತರ್ಯುದ್ಧ ಮುಗಿದ ದೇಶದ ಸ್ಥಿತಿಯೂ ಹೀಗೆಯೇ. ಸರ್ಕಾರ ನಡೆಸಲು ಬಜೆಟ್ ಬೇಕು, ಬಜೆಟ್ಟಿಗೆ ಒಪ್ಪಿಗೆ ಕೊಡಲು ಶಾಸನಸಭೆ ಬೇಕು, ಶಾಸನಸಭೆಗೆ ಚುನಾವಣೆ ಬೇಕು. ಚುನಾವಣೆಗೆ ಏನೇನು ಬೇಕು? ಮತದಾರರ ಪಟ್ಟಿ, ಕ್ಷೇತ್ರಗಳ ಗಡಿ, ಚುನಾವಣಾ ಕಾನೂನು, ದಾರಿಯಲ್ಲಿ ಗುಂಡಿಗೆ ಬಲಿಯಾಗದೆ ಮತಗಟ್ಟೆಗೆ ಹೋಗಿ ಬರುವ ಧೈರ್ಯ. ಆ ಚುನಾವಣಾ ಕಾನೂನನ್ನು ಮಾಡಬೇಕಾದವರು ಮತ್ತೆ ಶಾಸನಸಭೆಯವರೇ. ಬೀಜ ಮೊದಲೋ ಮರ ಮೊದಲೋ ಎಂಬ ಈ ಸುಳಿಯಿಂದ ಹೊರಬರಲು, ಮೊನ್ನೆಮೊನ್ನೆಯವರೆಗೆ ಹೋರಾಡಿದ ಬಣಗಳು ಒಪ್ಪಂದಕ್ಕೆ ಬಂದು ಸ್ಥಾನಗಳನ್ನು ಹಂಚಿಕೊಳ್ಳುತ್ತವೆ. ಹಾಗೆ ಹುಟ್ಟುವುದೇ ಮಧ್ಯಂತರ ಶಾಸನಸಭೆ. ನಿಜವಾದ ಚುನಾವಣೆಗೆ ದಾರಿ ಮಾಡಿ ತಾನು ಮುಗಿದುಹೋಗಲಿ ಎಂದೇ ಕಟ್ಟಿದ ಸಭೆ ಅದು.

ನಮಗೂ ಇದರ ಒಂದು ರೂಪ ಗೊತ್ತಿತ್ತು. ಸಂವಿಧಾನ ಜಾರಿಯಾದ 1950ರ ಜನವರಿ 26ರಿಂದ ಮೊದಲ ಮಹಾಚುನಾವಣೆಯ ನಂತರ 1952ರಲ್ಲಿ ಹೊಸ ಸಂಸತ್ತು ಸೇರುವವರೆಗೆ ದೇಶದ ಸಂಸತ್ತಾಗಿ ಕೆಲಸ ಮಾಡಿದ್ದು ಸಂವಿಧಾನ ಸಭೆಯೇ. ಅದನ್ನು ತಾತ್ಕಾಲಿಕ ಸಂಸತ್ತು ಎಂದು ಕರೆಯುತ್ತಿದ್ದರು. ಅದರ ಸದಸ್ಯರೂ ವಯಸ್ಕ ಮತದಾನದಿಂದ ಬಂದವರಲ್ಲ. ಸಂವಿಧಾನದ ಮೊದಲ ತಿದ್ದುಪಡಿಯನ್ನು 1951ರಲ್ಲಿ ಮಾಡಿದ್ದೂ ಅದೇ ಸಭೆ. ಎರಡು ವರ್ಷ ಕಳೆಯಿತು, ಚುನಾವಣೆ ಆಯಿತು, ಸಭೆ ಜಾಗ ಬಿಟ್ಟಿತು. ದಕ್ಷಿಣ ಸುಡಾನಿನಲ್ಲಿ ಬಾರದೆ ಉಳಿದಿರುವುದು ಈ ಕೊನೆಯ ಹಂತ.

ಎರಡು ಯುದ್ಧಗಳ ದೇಶ

1956ರಲ್ಲಿ ಸ್ವತಂತ್ರವಾದ ಸುಡಾನಿನ ಉತ್ತರ ಭಾಗ ಹೆಚ್ಚಾಗಿ ಅರಬ್ ಭಾಷೆಯ ಮುಸ್ಲಿಮರದು. ದಕ್ಷಿಣದಲ್ಲಿ ಕ್ರೈಸ್ತರು, ಮೂಲಧರ್ಮಗಳ ಅನುಯಾಯಿಗಳು, ಡಿಂಕಾ, ನುಯೆರ್, ಶಿಲುಕ್, ಅಜಾಂಡೆ ಮೊದಲಾದ ಅರವತ್ತಕ್ಕೂ ಹೆಚ್ಚು ಸಮುದಾಯಗಳು. ಅಧಿಕಾರ, ಹಣ ಎಲ್ಲ ಉತ್ತರದ ಖಾರ್ಟೂಮಿನಲ್ಲಿ. ದಶಕಗಟ್ಟಲೆ ಯುದ್ಧದ ನಂತರ 2005ರ ಜನವರಿಯಲ್ಲಿ ಶಾಂತಿ ಒಪ್ಪಂದವಾಯಿತು. 2011ರ ಜನವರಿಯಲ್ಲಿ ಜನಮತಗಣನೆ ನಡೆದು ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಪ್ರತ್ಯೇಕತೆಗೆ ಮತ ಹಾಕಿದರು. ಅದೇ ವರ್ಷ ಜುಲೈ 9ರಂದು ದಕ್ಷಿಣ ಸುಡಾನ್ ಹುಟ್ಟಿತು.

ಸಂಭ್ರಮ ಎರಡೂವರೆ ವರ್ಷವೂ ಉಳಿಯಲಿಲ್ಲ. ಉತ್ತರದ ವಿರುದ್ಧ ಹೋರಾಡಿದ ಎಸ್‌ಪಿಎಲ್‌ಎಂ ಎಂಬ ಚಳವಳಿಯೇ ಹೊಸ ದೇಶದ ಆಡಳಿತ ಪಕ್ಷ. ಅದರ ನಾಯಕ ಸಲ್ವಾ ಕೀರ್ ಅಧ್ಯಕ್ಷರು, ರಿಯೆಕ್ ಮಚಾರ್ ಉಪಾಧ್ಯಕ್ಷರು. ಕೀರ್ ಡಿಂಕಾ ಸಮುದಾಯದವರು, ಮಚಾರ್ ನುಯೆರ್. 2013ರ ಜುಲೈನಲ್ಲಿ ಕೀರ್ ಅವರು ಮಚಾರ್ ಅವರನ್ನೂ ಇಡೀ ಸಂಪುಟವನ್ನೂ ವಜಾ ಮಾಡಿದರು. ಡಿಸೆಂಬರ್ 15ರ ರಾತ್ರಿ ಜುಬಾದ ಸೇನಾ ಶಿಬಿರಗಳಲ್ಲಿ ಗುಂಡಿನ ಸದ್ದು ಶುರುವಾಯಿತು. ರಾಜಕೀಯ ಜಗಳ ಕೆಲವೇ ದಿನಗಳಲ್ಲಿ ಜನಾಂಗೀಯ ಹತ್ಯೆಯಾಗಿ ಹಬ್ಬಿತು. ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರಕ್ಕೆ ಓಡಿಬಂದ ಜನರನ್ನು ಅಕೋಬೊ ಎಂಬಲ್ಲಿ ಕಾಯುತ್ತಿದ್ದ ಇಬ್ಬರು ಭಾರತೀಯ ಯೋಧರು ಆ ಡಿಸೆಂಬರಿನಲ್ಲೇ ಪ್ರಾಣ ಕೊಟ್ಟರು. 2018ರ ಹೊತ್ತಿಗೆ ಯುದ್ಧಕ್ಕೆ ಬಲಿಯಾದವರು ಸುಮಾರು ನಾಲ್ಕು ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದರು. ಗುಂಡಿಗೆ ಸತ್ತವರಷ್ಟೇ ಅಲ್ಲ, ಹಸಿವು ಮತ್ತು ಕಾಯಿಲೆಯಿಂದ ಸತ್ತವರೂ ಅದರಲ್ಲಿದ್ದಾರೆ. ಸುಮಾರು ನಲವತ್ತು ಲಕ್ಷ ಜನ ಮನೆ ಬಿಟ್ಟರು. ಅವರಲ್ಲಿ ಅರ್ಧಕ್ಕರ್ಧ ಉಗಾಂಡ, ಸುಡಾನ್, ಇಥಿಯೋಪಿಯಾ, ಕೆನ್ಯಾಗಳಿಗೆ ದಾಟಿದರು.

2015ರ ಆಗಸ್ಟಿನಲ್ಲಿ ಒಂದು ಒಪ್ಪಂದವಾಯಿತು. 2016ರ ಜುಲೈನಲ್ಲಿ ಜುಬಾದಲ್ಲೇ ಮತ್ತೆ ಕಾಳಗ ನಡೆದು ಅದು ಮುರಿಯಿತು. ಅಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ವಾಯುಪಡೆಯ ವಿಮಾನಗಳು ಕರೆತಂದದ್ದು ಆಗಲೇ. 2018ರ ಸೆಪ್ಟೆಂಬರ್ 12ರಂದು ಇಥಿಯೋಪಿಯಾದ ಅದ್ದಿಸ್ ಅಬಾಬದಲ್ಲಿ ಪರಿಷ್ಕೃತ ಒಪ್ಪಂದಕ್ಕೆ ಸಹಿ ಬಿತ್ತು. ಈಗಿನ ಶಾಸನಸಭೆಯ ಜಾತಕ ಇರುವುದು ಆ ಒಪ್ಪಂದದಲ್ಲಿ.

332, 400, 550

ಸಭೆ ಇಷ್ಟು ದೊಡ್ಡದಾದದ್ದು ಹೇಗೆ? ಇದರ ಉತ್ತರದಲ್ಲೇ ಅರ್ಧ ಕತೆ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

2011ರಲ್ಲಿ ಹೊಸ ದೇಶಕ್ಕೆ ಶಾಸನಸಭೆ ಬೇಕಾದಾಗ ಚುನಾವಣೆ ಮಾಡಲಿಲ್ಲ. ಒಂದು ವರ್ಷದ ಹಿಂದೆ, ಅಂದರೆ 2010ರ ಏಪ್ರಿಲ್‌ನಲ್ಲಿ, ಅವಿಭಜಿತ ಸುಡಾನಿನ ಚುನಾವಣೆ ನಡೆದಿತ್ತು. ಆಗ ದಕ್ಷಿಣದ ಪ್ರಾಂತೀಯ ಸಭೆಗೆ ಗೆದ್ದಿದ್ದ 170 ಮಂದಿಯನ್ನು ಹಾಗೆಯೇ ತೆಗೆದುಕೊಂಡರು. ಖಾರ್ಟೂಮಿನ ಸಂಸತ್ತಿನಲ್ಲಿದ್ದ ದಕ್ಷಿಣದ 96 ಸಂಸದರನ್ನು ಊರಿಗೆ ಕರೆಸಿ ಕೂರಿಸಿದರು. ಇನ್ನು 66 ಮಂದಿಯನ್ನು ಅಧ್ಯಕ್ಷರೇ ನೇಮಿಸಿದರು. ಒಟ್ಟು 332.

ಯುದ್ಧವಾಯಿತು, 2015ರ ಒಪ್ಪಂದ ಬಂತು. ವಿರೋಧಿ ಬಣಗಳಿಗೆ ಜಾಗ ಕೊಡಬೇಕು. ಎರಡು ದಾರಿಗಳಿದ್ದವು: ಇದ್ದವರನ್ನು ಕಡಿಮೆ ಮಾಡಿ ಜಾಗ ಬಿಡಿಸುವುದು, ಇಲ್ಲವೇ ಹೊಸ ಕುರ್ಚಿ ಹಾಕುವುದು. ಎರಡನೆಯದನ್ನು ಆರಿಸಿಕೊಂಡರು. 332 ಹಾಗೆಯೇ ಉಳಿಯಿತು, ಮೇಲೆ 68 ಸೇರಿತು: ಮಚಾರ್ ಬಣಕ್ಕೆ 50, ಇತರ ಪಕ್ಷಗಳಿಗೆ 17, ಹಿಂದೆ ಬಂಧನದಲ್ಲಿದ್ದ ನಾಯಕರ ಗುಂಪಿಗೆ 1. ಒಟ್ಟು 400.

2018ರಲ್ಲಿ ಮತ್ತೆ ಅದೇ ಲೆಕ್ಕ. ಅಷ್ಟರಲ್ಲಿ ಬಣಗಳು ಒಡೆದು ಇನ್ನಷ್ಟು ಬಣಗಳಾಗಿದ್ದವು. ಅಧಿಕಾರದಲ್ಲಿದ್ದವರ ಪಾಲು 332 ಅಲುಗಲಿಲ್ಲ. ಮಚಾರ್ ಬಣಕ್ಕೆ 128, ಬೇರೆ ಬಂಡುಕೋರ ಗುಂಪುಗಳ ಒಕ್ಕೂಟಕ್ಕೆ 50, ಇತರ ರಾಜಕೀಯ ಪಕ್ಷಗಳಿಗೆ 30, ಹಿಂದೆ ಬಂಧನದಲ್ಲಿದ್ದವರ ಗುಂಪಿಗೆ 10. ಕೂಡಿದರೆ 550. ಇದರ ಜೊತೆ ರಾಜ್ಯಗಳ ಪರಿಷತ್ತು ಎಂಬ ಮೇಲ್ಮನೆಯಲ್ಲಿ 100 ಸ್ಥಾನ. ಒಬ್ಬರು ಅಧ್ಯಕ್ಷರು, ಒಬ್ಬರು ಪ್ರಥಮ ಉಪಾಧ್ಯಕ್ಷರು (ಈ ಸ್ಥಾನ ಮಚಾರ್ ಅವರಿಗೆ), ಇನ್ನೂ ನಾಲ್ವರು ಉಪಾಧ್ಯಕ್ಷರು, 35 ಸಚಿವರು.

ಇದನ್ನು ಬರೀ ದುಂದು ಎಂದು ತಳ್ಳಿಹಾಕಿದರೆ ಅರ್ಥವಾಗಬೇಕಾದ್ದು ತಪ್ಪಿಹೋಗುತ್ತದೆ. ಬಂದೂಕು ಹಿಡಿದವನಿಗೆ ಸಭೆಯೊಳಗೆ ಕುರ್ಚಿ ಸಿಗದಿದ್ದರೆ ಅವನು ಕಾಡಿಗೆ ಹಿಂದಿರುಗುತ್ತಾನೆ ಎಂಬ ಭಯ ಹುಸಿಯಲ್ಲ, 2016ರಲ್ಲಿ ಜುಬಾ ಅದನ್ನು ಕಂಡಿದೆ. ಒಂದು ಕುರ್ಚಿಯ ಖರ್ಚು ಒಂದು ಹಳ್ಳಿ ಸುಡುವುದಕ್ಕಿಂತ ಅಗ್ಗ. ಒಪ್ಪಂದ ಬರೆದವರ ಲೆಕ್ಕ ಇದು, ಮತ್ತು ಯುದ್ಧದ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಕೂತು ಯೋಚಿಸಿದರೆ ತಪ್ಪು ಲೆಕ್ಕ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಆದರೆ ಅದರೊಳಗೆ ಇನ್ನೊಂದು ಸಂದೇಶವೂ ಅಡಗಿದೆ. ಬಂಡೆದ್ದವರಿಗೆ ಪಾಲು ಸಿಕ್ಕಿತು. ಬಂದೂಕು ಹಿಡಿಯದೆ ಜಾನುವಾರು ಮೇಯಿಸಿಕೊಂಡು, ಜೋಳ ಬೆಳೆದುಕೊಂಡು ಇದ್ದವರಿಗಾಗಿ ಈ ಕೂಡುಲೆಕ್ಕದಲ್ಲಿ ಬೇರೆಯದೇ ಒಂದು ಸಾಲು ಇಲ್ಲ.

ಬಹುಮತದ ಗಣಿತವನ್ನೂ ಗಮನಿಸಬೇಕು. 550ರಲ್ಲಿ 332 ಅಂದರೆ ನೂರಕ್ಕೆ ಅರವತ್ತು. ಸಾಮಾನ್ಯ ಮಸೂದೆಯನ್ನು ಅಧ್ಯಕ್ಷರ ಕಡೆಯವರು ಯಾರ ಸಹಾಯವೂ ಇಲ್ಲದೆ ಪಾಸು ಮಾಡಿಕೊಳ್ಳಬಹುದು. ಸಂವಿಧಾನ ತಿದ್ದಲು ಮೂರನೇ ಎರಡು ಭಾಗ ಬೇಕು, ಅಂದರೆ 367. ಅದಕ್ಕೆ 35 ಮತ ಕಡಿಮೆ ಬೀಳುತ್ತದೆ. ಆ 35 ಮತಗಳಷ್ಟೇ ಕಾಗದದ ಮೇಲೆ ವಿರೋಧ ಪಕ್ಷಗಳ ಕೈಯಲ್ಲಿರುವ ಬೀಗ.

ಕುರ್ಚಿ ಕೊಟ್ಟವರು ಯಾರು?

ನಮ್ಮ ಶಾಸಕರ ಮೇಲೆ ನಮಗೆ ಏನೇ ಸಿಟ್ಟಿರಲಿ, ಐದು ವರ್ಷಕ್ಕೊಮ್ಮೆ ಅವರು ನಮ್ಮ ಬೀದಿಗೆ ಬರಲೇಬೇಕು. "ರಸ್ತೆ ಏನಾಯ್ತು ಸಾರ್?" ಎಂದು ಕೇಳುವ ಅವಕಾಶ ಇದೆ. ನಾಮನಿರ್ದೇಶನ ನಮಗೂ ಹೊಸದಲ್ಲ: ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ 11 ಮಂದಿ ನಾಮನಿರ್ದೇಶನದಿಂದ ಬರುವವರು. ಆದರೆ ಅದು ಮೇಲ್ಮನೆಯ ಒಂದು ಸಣ್ಣ ಪಾಲು. ಜುಬಾದಲ್ಲಿ ಇಡೀ ಕೆಳಮನೆಯೇ ಹಾಗೆ.

2018ರ ಒಪ್ಪಂದದ ಪ್ರಕಾರ ಸಭೆ ರಚನೆಯಾಗುವಷ್ಟರಲ್ಲಿ 2021 ಬಂತು. ಹೊಸ ಮೈತ್ರಿ ಸರ್ಕಾರ 2020ರ ಫೆಬ್ರವರಿ 22ರಂದೇ ಅಧಿಕಾರಕ್ಕೆ ಬಂದಿದ್ದರೂ ಶಾಸನಸಭೆಗೆ ಇನ್ನೂ ಹದಿನೈದು ತಿಂಗಳು ಹಿಡಿಯಿತು. 2021ರ ಮೇ 8ರಂದು ಹಳೆಯ ಸಭೆಯನ್ನು ವಿಸರ್ಜಿಸುವ ಅಧ್ಯಕ್ಷರ ಆದೇಶ ಸರ್ಕಾರಿ ಟಿವಿಯಲ್ಲಿ ಪ್ರಕಟವಾಯಿತು. ಎರಡು ದಿನದ ನಂತರ ಹೊಸ 550 ಹೆಸರುಗಳ ಪಟ್ಟಿ. ಆಗಸ್ಟ್ 2ರಂದು ಪ್ರಮಾಣವಚನ. ಅಧ್ಯಕ್ಷರ ಪಕ್ಷದ ಜೆಮ್ಮಾ ನುನು ಕುಂಬಾ ಸ್ಪೀಕರ್ ಆದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಅವರು.

ಅಧ್ಯಕ್ಷರ ಆದೇಶವನ್ನು ರಾತ್ರಿಯ ಟಿವಿ ವಾರ್ತೆಯಲ್ಲಿ ಓದುವುದು ಆ ದೇಶದ ಆಡಳಿತದ ರೂಢಿ. ಸಚಿವರು, ರಾಜ್ಯಪಾಲರು, ಸೇನಾಧಿಕಾರಿಗಳು ತಮ್ಮ ಕೆಲಸ ಹೋದದ್ದನ್ನು ಎಷ್ಟೋ ಸಲ ಟಿವಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಶಾಸಕರೂ ಆದೇಶದಿಂದಲೇ ಬರುತ್ತಾರೆ, ಅವರ ಪಕ್ಷಕ್ಕೆ ಬೇಡವಾದರೆ ಆದೇಶದಿಂದಲೇ ಹೋಗುತ್ತಾರೆ. ಹಾಗಿರುವಾಗ ಸರ್ಕಾರವನ್ನು ಪ್ರಶ್ನಿಸಲು ಎದ್ದು ನಿಲ್ಲುವ ಶಾಸಕನಿಗೆ ಬೆನ್ನ ಹಿಂದೆ ಕ್ಷೇತ್ರವೊಂದು ಇರುವುದಿಲ್ಲ. ಅವನ ಹೆಸರು ಪಟ್ಟಿಗೆ ಸೇರಿಸಿದವರು ನಾಳೆ ತೆಗೆಯಲೂಬಹುದು. ಮಧ್ಯಂತರ ಶಾಸನಸಭೆಯ ಬಲವನ್ನೂ ಬಲಹೀನತೆಯನ್ನೂ ತಿಳಿಯಲು ಈ ಒಂದು ಅಂಶ ಸಾಕು: ಕುರ್ಚಿಯ ಋಣ ಯಾರಿಗೆ ಎಂಬುದು.

ಹಾಗಾದರೆ ಇವರು ಮಾಡುವುದೇನು?

ಮೂರು ಬಗೆಯ ಕೆಲಸ ಅವರ ಮುಂದಿದೆ. ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಸರ್ಕಾರದ ಮೇಲೆ ಕಣ್ಣಿಡುವುದು, ಒಪ್ಪಂದ ಹೇಳಿದ ಕಾನೂನುಗಳನ್ನು ಮಾಡುವುದು. ಕೊನೆಯದರಲ್ಲಿ ಒಂದಷ್ಟು ನಿಜವಾದ ಕೆಲಸವಾಗಿದೆ. ಶಾಶ್ವತ ಸಂವಿಧಾನವನ್ನು ಹೇಗೆ ಬರೆಯಬೇಕು ಎಂಬ ಕಾನೂನು 2022ರಲ್ಲಿ ಆಯಿತು. (ದೇಶ ಈಗಲೂ ನಡೆಯುತ್ತಿರುವುದು 2011ರ ಮಧ್ಯಂತರ ಸಂವಿಧಾನದ ಮೇಲೆ.) ಯುದ್ಧದಲ್ಲಿ ನಡೆದದ್ದನ್ನು ದಾಖಲಿಸಿ ಗಾಯ ಮಾಯಿಸುವ ಸತ್ಯಶೋಧನಾ ಆಯೋಗಕ್ಕೂ, ನೊಂದವರಿಗೆ ಪರಿಹಾರ ಕೊಡುವ ಪ್ರಾಧಿಕಾರಕ್ಕೂ 2024ರಲ್ಲಿ ಕಾನೂನು ಬಂತು. ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸೊಬ್ಬಳು ಹೋಗಿ ಹೇಳಿಕೊಳ್ಳಲು ಒಂದು ಬಾಗಿಲನ್ನಾದರೂ ಈ ಕಾನೂನುಗಳು ಕಾಗದದ ಮೇಲೆ ತೆರೆದಿವೆ. ಅಷ್ಟಕ್ಕೆ ಈ ಸಭೆಗೆ ಸಲ್ಲಬೇಕಾದ ಗೌರವ ಸಲ್ಲಬೇಕು.

ಚುನಾವಣಾ ಕಾನೂನಿನ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲಿ ಪಾಸಾಯಿತು. ಆದರೆ ಮತಕ್ಕೆ ಹಾಕುವ ಮುನ್ನ ಮಚಾರ್ ಬಣದವರು ಸಭಾತ್ಯಾಗ ಮಾಡಿದ್ದರು. ಮುಂದಿನ ಚುನಾಯಿತ ಸಭೆಗೂ ನೂರಕ್ಕೆ ಐದರಷ್ಟು ಸದಸ್ಯರನ್ನು ಅಧ್ಯಕ್ಷರೇ ನೇಮಿಸಬಹುದು ಎಂಬ ಅಂಶ ಅವರ ಆಕ್ಷೇಪಕ್ಕೆ ಕಾರಣ. ಐದು ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ನೇಮಕದ ಪದ್ಧತಿ ಮುಗಿಸಲೆಂದು ಮಾಡುವ ಚುನಾವಣೆಯೊಳಕ್ಕೂ ನೇಮಕ ನುಸುಳುತ್ತದಲ್ಲ ಎಂಬುದು ಅವರ ವಾದವಾಗಿತ್ತು.

ಸಭೆಯ ಸ್ವಭಾವವನ್ನು ಚೆನ್ನಾಗಿ ತೋರಿಸುವ ಪ್ರಸಂಗ ರಾಷ್ಟ್ರೀಯ ಭದ್ರತಾ ಸೇವೆಯದು. ಇದು ಅಲ್ಲಿನ ಗುಪ್ತಚರ ಸಂಸ್ಥೆ. ವಾರಂಟ್ ಇಲ್ಲದೆ ಯಾರನ್ನು ಬೇಕಾದರೂ ಹಿಡಿಯುವ ಅಧಿಕಾರ ಇದಕ್ಕಿತ್ತು. ಪತ್ರಕರ್ತರು, ಹೋರಾಟಗಾರರು ಹೆದರುತ್ತಿದ್ದದ್ದು ಇದಕ್ಕೇ. ಆ ಅಧಿಕಾರವನ್ನು ತೆಗೆಯಲು ಕೀರ್ ಮತ್ತು ಮಚಾರ್ ಇಬ್ಬರೂ 2023ರಲ್ಲಿ ಒಪ್ಪಿದ್ದರು. 2024ರ ಜುಲೈನಲ್ಲಿ ಮಸೂದೆ ಸಭೆಯ ಮುಂದೆ ಬಂದಾಗ ಬಹುಮತ ಆ ಅಧಿಕಾರವನ್ನು ಉಳಿಸಿಕೊಂಡೇ ಮಸೂದೆ ಪಾಸು ಮಾಡಿತು. ವಿರೋಧಿಸಿ ಮತ ಹಾಕಿದವರೂ ನೂರಕ್ಕೂ ಹೆಚ್ಚು ಮಂದಿ ಇದ್ದರು. ಅಧ್ಯಕ್ಷರು ಸಹಿಯನ್ನೂ ಹಾಕಲಿಲ್ಲ, ವಾಪಸ್ಸೂ ಕಳಿಸಲಿಲ್ಲ. ಗಡುವಿನ ಮೂವತ್ತು ದಿನ ಕಳೆದವು, ಮಸೂದೆ ತಾನಾಗಿಯೇ ಕಾನೂನಾಯಿತು. ಚುನಾವಣೆಗೆ ದಿನ ಎಣಿಸುತ್ತಿದ್ದ ದೇಶದಲ್ಲಿ, ಭಾಷಣ ಮಾಡಿದವನನ್ನು ವಾರಂಟ್ ಇಲ್ಲದೆ ಎತ್ತಿಕೊಂಡು ಹೋಗಬಹುದಾದ ಕಾನೂನು ಹೀಗೆ ಉಳಿಯಿತು. ನೂರು ಮಂದಿ "ಬೇಡ" ಅಂದದ್ದು ಮಾತ್ರ ಕಡತದಲ್ಲಿ ಇದೆ. ಋಣದ ಕುರ್ಚಿಯಲ್ಲಿ ಕೂತೂ ಹಾಗೆ ಅಂದವರ ಬಗ್ಗೆ ನನಗೆ ಗೌರವವಿದೆ.

ತನ್ನ ಆಯುಷ್ಯವನ್ನು ತಾನೇ ಬರೆದುಕೊಳ್ಳುವ ಸಭೆ

ಇಲ್ಲಿಗೆ ಬಂದರೆ ವಿಷಯದ ಗಂಟು ಸಿಗುತ್ತದೆ.

2011ರ ಸಂವಿಧಾನದ ಪ್ರಕಾರ 2015ರಲ್ಲಿ ಚುನಾವಣೆ ಆಗಬೇಕಿತ್ತು. ಯುದ್ಧ ನಡೆಯುತ್ತಿತ್ತು. ಶಾಸನಸಭೆ ಸೇರಿ ಅಧ್ಯಕ್ಷರ ಅವಧಿಯನ್ನೂ ತನ್ನ ಅವಧಿಯನ್ನೂ 2018ರವರೆಗೆ ವಿಸ್ತರಿಸಿತು. 2018ರ ಜುಲೈನಲ್ಲಿ ಇನ್ನೊಮ್ಮೆ, 2021ರವರೆಗೆ. ನಡುವೆ ಶಾಂತಿ ಒಪ್ಪಂದ ಬಂದು 36 ತಿಂಗಳ ಹೊಸ ಅವಧಿ ಕೊಟ್ಟಿತು. ಅದು 2020ರ ಫೆಬ್ರವರಿಯಲ್ಲಿ ಶುರುವಾಗಿ 2023ರ ಫೆಬ್ರವರಿಗೆ ಮುಗಿಯಬೇಕಿತ್ತು. 2022ರ ಆಗಸ್ಟಿನಲ್ಲಿ ನಾಯಕರು ಸೇರಿ 24 ತಿಂಗಳು ಮುಂದಕ್ಕೆ ಹಾಕಿದರು. ಚುನಾವಣೆ 2024ರ ಡಿಸೆಂಬರಿಗೆ ಎಂದರು. 2024ರ ಸೆಪ್ಟೆಂಬರಿನಲ್ಲಿ ಮತ್ತೆ 24 ತಿಂಗಳು. ಈಗಿನ ಗಡುವು 2027ರ ಫೆಬ್ರವರಿ.

ಪ್ರತಿ ಸಲವೂ ಕೊಟ್ಟ ಕಾರಣ ಸುಳ್ಳಲ್ಲ. ಬಣಗಳ ಸೈನಿಕರನ್ನು ಸೇರಿಸಿ 83,000 ಮಂದಿಯ ಒಂದೇ ಪಡೆ ಕಟ್ಟಬೇಕಿತ್ತು. ಮೊದಲ ತಂಡ ತರಬೇತಿ ಮುಗಿಸಿ ಹೊರಬಂದದ್ದು 2022ರ ಆಗಸ್ಟ್ ಕೊನೆಯಲ್ಲಿ. ಕ್ಷೇತ್ರ ಗುರುತಿಸಲು ಜನಗಣತಿ ಬೇಕು. ಕೊನೆಯ ಗಣತಿ ನಡೆದದ್ದು 2008ರಲ್ಲಿ, ಅದೂ ಅವಿಭಜಿತ ಸುಡಾನಿನ ಕಾಲದಲ್ಲಿ, ಅದರ ಅಂಕಿಯನ್ನು ದಕ್ಷಿಣದವರು ಆಗಲೇ ಒಪ್ಪಿರಲಿಲ್ಲ. ಮಳೆಗಾಲದಲ್ಲಿ ನೈಲ್ ನದಿಯ ಜೌಗು ಪ್ರದೇಶದ ಎಷ್ಟೋ ಹಳ್ಳಿಗಳಿಗೆ ದೋಣಿಯೋ ಹೆಲಿಕಾಪ್ಟರೋ ಇಲ್ಲದೆ ಹೋಗಲಾಗದು.

ಆದರೆ ಈ ತಯಾರಿಗಳನ್ನು ಮುಗಿಸಬೇಕಾದವರೂ, ಮುಗಿಯದಿದ್ದರೆ ಅಧಿಕಾರದಲ್ಲಿ ಉಳಿಯುವವರೂ ಒಬ್ಬರೇ. ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು. ವಾರ್ಡಿಗೆ ಕಾರ್ಪೊರೇಟರ್ ಇಲ್ಲದೆ ಕಸದ ದೂರು ಯಾರಿಗೆ ಕೊಡಬೇಕೆಂದು ಗೊತ್ತಾಗದ ಆ ಸ್ಥಿತಿಯನ್ನು ಒಂದು ಇಡೀ ದೇಶಕ್ಕೆ, ಅದೂ ಯುದ್ಧ ಕಂಡ ದೇಶಕ್ಕೆ ಹಿಗ್ಗಿಸಿ ನೋಡಿ.

ಸಂಬಳ, ತೈಲ ಮತ್ತು ಮಂಗಳೂರು

650 ಶಾಸಕರನ್ನು ಸಾಕುವ ಹಣ ಎಲ್ಲಿಂದ ಬರುತ್ತದೆ? ಸರ್ಕಾರದ ಆದಾಯದ ನೂರಕ್ಕೆ ಸುಮಾರು ತೊಂಬತ್ತು ಭಾಗ ಕಚ್ಚಾತೈಲದ್ದು. 2003ರಲ್ಲಿ ಭಾರತದ ಒಎನ್‌ಜಿಸಿ ವಿದೇಶ್ ಕಂಪನಿ ಸುಡಾನಿನ ಗ್ರೇಟರ್ ನೈಲ್ ತೈಲ ಯೋಜನೆಯಲ್ಲಿ ನೂರಕ್ಕೆ 25 ಪಾಲು ಕೊಂಡಿತು. ಆ ತೈಲದ ಮೊದಲ ಹಡಗು ಅದೇ ವರ್ಷ ಬಂದು ನಿಂತದ್ದು ಮಂಗಳೂರಿನ ಬಂದರಿನಲ್ಲಿ, ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕಾಗಿ. ಆ ಬಾವಿಗಳಲ್ಲಿ ಒಂದು ಭಾಗ ಇವತ್ತು ದಕ್ಷಿಣ ಸುಡಾನಿನ ಯೂನಿಟಿ ರಾಜ್ಯದಲ್ಲಿದೆ.

ಬಾವಿ ದಕ್ಷಿಣದಲ್ಲಿ, ಬಂದರು ಉತ್ತರದಲ್ಲಿ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕೊಳವೆಯಲ್ಲಿ ತೈಲ ಸುಡಾನನ್ನು ದಾಟಿ ಕೆಂಪು ಸಮುದ್ರದ ಪೋರ್ಟ್ ಸುಡಾನ್ ಸೇರಬೇಕು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಬೇರೆಯದೇ ಯುದ್ಧ ಹೊತ್ತಿಕೊಂಡಿತು. ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಬಿದ್ದು, ಆಪರೇಷನ್ ಕಾವೇರಿಯಲ್ಲಿ ಊರು ಸೇರಿದ್ದು ಅದೇ ಯುದ್ಧದಲ್ಲಿ. 2024ರ ಫೆಬ್ರವರಿಯಲ್ಲಿ ಯುದ್ಧಭೂಮಿಯೊಳಗೆ ಕೊಳವೆ ಒಡೆಯಿತು. ದಕ್ಷಿಣ ಸುಡಾನಿನ ಬೊಕ್ಕಸ ಬರಿದಾಯಿತು. ಶಿಕ್ಷಕರು, ನರ್ಸುಗಳು, ಸೈನಿಕರು ತಿಂಗಳುಗಟ್ಟಲೆ ಸಂಬಳ ಕಾಣಲಿಲ್ಲ.

ಇಂಥ ದೇಶದಲ್ಲಿ ಶಾಸಕರ ಖರ್ಚು ಸಹಜವಾಗಿ ಜನರ ಕಣ್ಣು ಕುಕ್ಕುತ್ತದೆ. 2018ರ ಜೂನ್‌ನಲ್ಲಿ, ಯುದ್ಧ ಇನ್ನೂ ನಿಂತಿರದಾಗ, ಆಗಿನ 400 ಶಾಸಕರಿಗೆ ಕಾರು ಕೊಳ್ಳಲೆಂದು ತಲಾ 40,000 ಡಾಲರ್ ಕೊಟ್ಟ ಸುದ್ದಿ ಜುಬಾದಲ್ಲಿ ದೊಡ್ಡ ಆಕ್ರೋಶ ಎಬ್ಬಿಸಿತ್ತು.

ಬೇರೆ ಕಡೆ ಹೇಗೆ ಮುಗಿಯಿತು?

ನೇಪಾಳ ನಮಗೆ ಹತ್ತಿರದ ಉದಾಹರಣೆ. ಹತ್ತು ವರ್ಷದ ಮಾವೋವಾದಿ ಯುದ್ಧದ ನಂತರ 2007ರ ಜನವರಿ 15ರಂದು ಅಲ್ಲಿ 330 ಸದಸ್ಯರ ಮಧ್ಯಂತರ ಸಂಸತ್ತು ಸೇರಿತು. ಅದರಲ್ಲಿ 83 ಮಂದಿ ಮಾವೋವಾದಿಗಳು. ಅಲ್ಲಿಯೂ ಚುನಾವಣೆ ಎರಡು ಸಲ ಮುಂದೆ ಹೋಯಿತು, ಆದರೆ 2008ರ ಏಪ್ರಿಲ್ 10ರಂದು ನಡೆಯಿತು. ಎರಡು ವ್ಯತ್ಯಾಸಗಳು ಎದ್ದು ಕಾಣುತ್ತವೆ. ಚುನಾವಣೆಗೆ ಮೊದಲೇ ಮಾವೋವಾದಿಗಳ ಬಂದೂಕುಗಳು ವಿಶ್ವಸಂಸ್ಥೆಯ ನಿಗಾದಲ್ಲಿ ಕಂಟೇನರುಗಳೊಳಗೆ ಸೇರಿದ್ದವು. ಮತ್ತು ಸಂಸತ್ತಿನ ಉಳಿದವರಲ್ಲಿ ಬಹುಪಾಲು 1999ರಲ್ಲಿ ಜನರ ಮತ ಪಡೆದು ಬಂದವರಾಗಿದ್ದರು.

ಪಶ್ಚಿಮ ಆಫ್ರಿಕದ ಲೈಬೀರಿಯಾದಲ್ಲಿ 2003ರ ಒಪ್ಪಂದ 76 ಸ್ಥಾನಗಳ ಪುಟ್ಟ ಸಭೆ ಮಾಡಿತು. ಕಾದಾಡಿದ ಮೂರು ಕಡೆಯವರಿಗೆ ತಲಾ 12, ಉಳಿದ 40 ಸ್ಥಾನ ರಾಜಕೀಯ ಪಕ್ಷಗಳಿಗೆ, ಜಿಲ್ಲೆಗಳಿಗೆ, ನಾಗರಿಕ ಸಂಘಟನೆಗಳಿಗೆ. ಅಂದರೆ ಬಂದೂಕು ಹಿಡಿಯದವರಿಗೆ ಅರ್ಧಕ್ಕಿಂತ ಹೆಚ್ಚು. ಮಧ್ಯಂತರ ಸರ್ಕಾರದ ಮುಖ್ಯಸ್ಥರು, ಸಚಿವರು, ಸ್ಪೀಕರ್ ಮುಂದಿನ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಷರತ್ತೂ ಇತ್ತು. ಭ್ರಷ್ಟಾಚಾರದ ಆರೋಪ ಆ ಸಭೆಯನ್ನೂ ಬಿಡಲಿಲ್ಲ. ಆದರೆ 2005ರ ಅಕ್ಟೋಬರಿನಲ್ಲಿ, ಹೇಳಿದ ಕಾಲಕ್ಕೆ, ಚುನಾವಣೆ ನಡೆಯಿತು.

ಈಗ ಎಲ್ಲಿಗೆ ಬಂದಿದೆ?

2025ರ ಮಾರ್ಚ್‌ನಲ್ಲಿ ಈಶಾನ್ಯದ ನಾಸಿರ್ ಪಟ್ಟಣದ ಸೇನಾ ನೆಲೆಯನ್ನು ನುಯೆರ್ ಯುವಕರ ಸಶಸ್ತ್ರ ಗುಂಪೊಂದು ವಶಪಡಿಸಿಕೊಂಡಿತು. ಅದರ ಹಿಂದೆ ಮಚಾರ್ ಕೈವಾಡವಿದೆ ಎಂದು ಸರ್ಕಾರ ಆರೋಪಿಸಿತು, ಅವರ ಪಕ್ಷ ಅಲ್ಲಗಳೆಯಿತು. ಮಾರ್ಚ್ 26ರಂದು ಮಚಾರ್ ಅವರನ್ನು ಗೃಹಬಂಧನದಲ್ಲಿ ಇಟ್ಟರು. ಸೆಪ್ಟೆಂಬರಿನಲ್ಲಿ ಕೊಲೆ, ದೇಶದ್ರೋಹ ಮೊದಲಾದ ಆರೋಪ ಹೊರಿಸಿ ಪ್ರಥಮ ಉಪಾಧ್ಯಕ್ಷ ಸ್ಥಾನದಿಂದ ಅಮಾನತು ಮಾಡಿದರು. ವಿಚಾರಣೆ ಜುಬಾದಲ್ಲಿ ಆರಂಭವಾಯಿತು.

ಒಪ್ಪಂದಕ್ಕೆ ಸಹಿ ಹಾಕಿದ ಎರಡು ಮುಖ್ಯ ಕೈಗಳಲ್ಲಿ ಒಂದು ಹೀಗೆ ಸೆರೆಯಲ್ಲಿದೆ. ಶಾಸನಸಭೆಯ 128 ಕುರ್ಚಿಗಳಿಗೆ ಹೆಸರು ಕೊಡುವ ಹಕ್ಕು ಆ ಕೈಯದಾಗಿತ್ತು. ಸಭೆ ಹುಟ್ಟಿದ್ದೇ ಆ ಒಪ್ಪಂದದಿಂದ. ಹೀಗಾಗಿ ಇನ್ನು ಮುಂದೆ ಜುಬಾದ ಸುದ್ದಿ ಓದುವಾಗ ಕೆಲವನ್ನು ಗಮನಿಸಬಹುದು: ಮಚಾರ್ ಬಣದ ಶಾಸಕರು ಸಭೆಯಲ್ಲಿ ಉಳಿದಿದ್ದಾರೆಯೇ, ಉಳಿದವರನ್ನು ಸೂಚಿಸಿದವರು ಯಾರು, ಮತದಾರರ ನೋಂದಣಿ ಶುರುವಾಗಿದೆಯೇ, ಅದಕ್ಕೆ ಬಜೆಟ್ಟಿನ ಹಣ ನಿಜವಾಗಿ ಬಿಡುಗಡೆಯಾಗಿದೆಯೇ, ಮತ್ತು "ವಿಸ್ತರಣೆ" ಎಂಬ ಪದ ಮತ್ತೆ ಕೇಳುತ್ತಿದೆಯೇ.

2010ರ ಏಪ್ರಿಲ್‌ನಲ್ಲಿ ಹದಿನೇಳು ವರ್ಷದವನಾಗಿದ್ದು ಮತಗಟ್ಟೆಯಿಂದ ಹಿಂದಿರುಗಬೇಕಾದ ಹುಡುಗನಿಗೆ 2026ರಲ್ಲಿ ಮೂವತ್ತಮೂರು. ಇವತ್ತಿನವರೆಗೂ ಅವನು ಒಬ್ಬ ಶಾಸಕನನ್ನು ಆರಿಸಿಲ್ಲ. ಅವನ ಕೈಗೆ ಬಂದಿರಬಹುದಾದ ಒಂದೇ ಒಂದು ಮತಪತ್ರ 2011ರ ಜನವರಿಯದು. ಓದು ಬಾರದವರಿಗೂ ತಿಳಿಯಲೆಂದು ಅದರಲ್ಲಿ ಎರಡು ಚಿತ್ರ ಅಚ್ಚು ಮಾಡಿದ್ದರು. ಉತ್ತರದೊಂದಿಗೇ ಉಳಿಯುವವರಿಗೆ ಒಂದನ್ನೊಂದು ಹಿಡಿದ ಎರಡು ಕೈ. ಬೇರೆಯಾಗುವವರಿಗೆ ಎತ್ತಿ ಹಿಡಿದ ಒಂದು ಅಂಗೈ. ಜನ ಬೆಳಗಿನ ಜಾವದಿಂದಲೇ ಸಾಲು ನಿಂತು ಆ ಅಂಗೈಯ ಪಕ್ಕ ಹೆಬ್ಬೆಟ್ಟು ಒತ್ತಿ ಬಂದಿದ್ದರು.